ಹಾರ್ಟ್ ಸರಿಯಾಯ್ತು, ಆಕ್ಸಿಜನ್ ಯಾಕೆ ಕಮ್ಮಿ?

(ದಾವಣಗೆರೆಯಲ್ಲಿ ಹಿರಿಯರ ಸಭೆಯೊಂದರಲ್ಲಿ ಅರಿವಳಿಕೆ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಹಾರ್ಟ್ ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ಐಸಿಯು ಬಾಗಿಲ ಹತ್ತಿರ ನನಗೊಂದು ಪ್ರಶ್ನೆ ಕಾದಿರುತ್ತದೆ. ಮಗನೋ ಅಳಿಯನೋ ರಾತ್ರಿಯೆಲ್ಲ ಹೊರಗಿನ ಬೆಂಚಿನ ಮೇಲೆ ಕೂತು, ಕಣ್ಣು ಕೆಂಪಗಾಗಿ, ನಾನು ಚಪ್ಪಲಿ ಬಿಡುವುದನ್ನೇ ಕಾಯುತ್ತಿರುತ್ತಾರೆ. "ಡಾಕ್ಟ್ರೇ, ಆಪರೇಷನ್ ಚೆನ್ನಾಗಾಯ್ತು ಅಂದ್ರಿ. ಮತ್ತೆ ನಮ್ಮಪ್ಪಾರಿಗೆ ಆಕ್ಸಿಜನ್ ಯಾಕೆ ಕಮ್ಮಿ ಐತಿ?"

ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ. ನಾನು ಹೃದಯ ಕೊಯ್ಯುವ ಡಾಕ್ಟರ್ ಅಲ್ಲ. ಮಂಪರು ಕೊಟ್ಟು ಮಲಗಿಸುವವನು, ಆಮೇಲೆ ಐಸಿಯುನಲ್ಲಿ ಎಬ್ಬಿಸಿ ಕೂರಿಸುವವನು. ಹೃದಯ ಸರ್ಜನ್ನರದ್ದು, ಉಸಿರು ನನ್ನದು ಅಂತ ನಾವು ನಾವೇ ಆಸ್ತಿ ಪಾಲು ಮಾಡಿಕೊಂಡಿದ್ದೇವೆ.

ಮೊದಲು ಆ ಅಂಕಿಯ ವಿಷಯ ಮುಗಿಸಿಬಿಡೋಣ. ಕೊರೊನಾ ಕಾಲದಲ್ಲಿ ನೀವೆಲ್ಲ ಬೆರಳಿಗೆ ಕ್ಲಿಪ್ ಹಾಕಿ ನೋಡಿದವರೇ. 95ರ ಮೇಲಿದ್ದರೆ ನೆಮ್ಮದಿ, 90ಕ್ಕೆ ಬಂದರೆ ಗಾಬರಿ. ಆ ಗಾಬರಿ ಸರಿಯಾದದ್ದೇ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ಮೇಲೆ ಹೋದಮೇಲೆ ಅಲ್ಲಲ್ಲಿ ಸಮತಟ್ಟು, ಆರಾಮಾಗಿ ಓಡಾಡಬಹುದು. ಬಂಡೆಯ ಅಂಚಿಗೆ ಬಂದರೆ ಮಾತ್ರ ಅಲ್ಲಿಂದ ಕಡಿದು ಇಳಿಜಾರು. ರಕ್ತದ ಆಕ್ಸಿಜನ್ನೂ ಹಾಗೇ. 100ರಿಂದ 94ರ ತನಕ ಸಮತಟ್ಟು. 90 ಅಂದರೆ ಬಂಡೆಯ ಅಂಚು. ಅಲ್ಲಿಂದ ಮುಂದೆ ಶ್ವಾಸಕೋಶ ಇನ್ನೊಂಚೂರು ಸೋತರೂ ಅಂಕಿ ಜರ್ರನೆ ಜಾರುತ್ತದೆ.

ಆದರೆ ನಾವು ಆ ಅಂಕಿ ಒಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಒಬ್ಬರು ಮಾಮೂಲಿ ಗಾಳಿ ಎಳೆದುಕೊಂಡು 95 ಇದ್ದಾರೆ. ಪಕ್ಕದ ಮಂಚದವರಿಗೆ 60 ಪರ್ಸೆಂಟ್ ಆಕ್ಸಿಜನ್ ಕೊಡುತ್ತಿದ್ದೇವೆ, ಅವರದ್ದೂ 95. ಇಬ್ಬರೂ ಒಂದೇನಾ? ಒಬ್ಬರು ದುಡಿದು ಸಂಸಾರ ಮಾಡುತ್ತಿದ್ದಾರೆ, ಇನ್ನೊಬ್ಬರು ಸಾಲ ತಂದು. ಇದನ್ನು ಅಳೆಯುವ ಲೆಕ್ಕ ಸುಲಭ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಅದರಲ್ಲಿನ ಆಕ್ಸಿಜನ್ ಒತ್ತಡ ನೋಡುತ್ತೇವೆ. ಇಬ್ಬರದ್ದೂ 80 ಬಂತು ಅಂದುಕೊಳ್ಳಿ. ಗಾಳಿಯಲ್ಲಿ ಆಕ್ಸಿಜನ್ 21 ಪರ್ಸೆಂಟ್, ಹಾಗಾಗಿ ಮೊದಲನೆಯವರ 80ನ್ನು 0.21ರಿಂದ ಭಾಗಿಸಿದರೆ ಸುಮಾರು 380. ಎರಡನೆಯವರ 80ನ್ನು 0.6ರಿಂದ ಭಾಗಿಸಿದರೆ 133. 300ರ ಕೆಳಗೆ ಬಂದರೆ ಕೊರತೆ ಅಂತ ಲೆಕ್ಕ. 200ರ ಕೆಳಗೆ ಬಂದರೆ ನಾವು ಊಟಕ್ಕೆ ಮನೆಗೆ ಹೋಗುವುದಿಲ್ಲ.

ಇನ್ನು ಆ ಮಗನ ಪ್ರಶ್ನೆಗೆ ಬರೋಣ. ಕೊಯ್ದದ್ದು ಹೃದಯ, ಶ್ವಾಸಕೋಶಕ್ಕೇನಾಯ್ತು?

ಶ್ವಾಸಕೋಶ ಹೇಗಿರುತ್ತದೆ ಅಂತ ನಮ್ಮೂರಿನವರಿಗೆ ಹೇಳುವುದು ಸುಲಭ. ಒಂದು ಚೀಲ ಮಂಡಕ್ಕಿ ನೆನಪು ಮಾಡಿಕೊಳ್ಳಿ. ಹಗುರ, ಒಳಗೆಲ್ಲ ಗಾಳಿ. ಶ್ವಾಸಕೋಶದಲ್ಲೂ ಅಂಥ ಪುಟ್ಟ ಗಾಳಿಚೀಲಗಳು 30 ಕೋಟಿಗೂ ಜಾಸ್ತಿ ಇವೆ. ಒಂದೊಂದರ ಸುತ್ತಲೂ ಕೂದಲಿಗಿಂತ ತೆಳು ರಕ್ತನಾಳದ ಬಲೆ. ಗಾಳಿಚೀಲ ಅರಳಿಕೊಂಡಿದ್ದರೆ ಆಕ್ಸಿಜನ್ ರಕ್ತಕ್ಕೆ ದಾಟುತ್ತದೆ. ಮುದುಡಿಕೊಂಡಿದ್ದರೆ ರಕ್ತ ಬಂದ ಹಾಗೇ ಬರಿಗೈಯಲ್ಲಿ ವಾಪಸ್ ಹೋಗುತ್ತದೆ.

ನಾನು ಮಂಪರು ಕೊಟ್ಟ ಕೂಡಲೇ ಈ ಮುದುಡುವ ಕೆಲಸ ಶುರು. ಅಂಗಾತ ಮಲಗಿದ್ದೀರಿ, ಸ್ನಾಯುಗಳೆಲ್ಲ ಸಡಿಲ, ಹೊಟ್ಟೆಯೊಳಗಿನದ್ದೆಲ್ಲ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಿನ ಪರದೆಯನ್ನು, ಎದೆಯ ಕಡೆಗೆ ತಳ್ಳುತ್ತದೆ. ಬೆನ್ನಿನ ಕಡೆಯ ಗಾಳಿಚೀಲಗಳು ಕೆಳಗೆ ಸಿಕ್ಕಿ ಚಪ್ಪಟೆಯಾಗುತ್ತವೆ. ಇದು ಹರ್ನಿಯಾ ಆಪರೇಷನ್ನಿಗೆ ಪೂರ್ತಿ ಮಂಪರು ಕೊಟ್ಟರೂ ಆಗುವುದೇ. ಹೃದಯದ ಆಪರೇಷನ್ನಿನಲ್ಲಿ ಇದರ ಮೇಲೆ ಇನ್ನೂ ನಾಲ್ಕು ಹೊರೆ ಬೀಳುತ್ತದೆ.

ಹಾರ್ಟ್-ಲಂಗ್ ಮಷೀನ್ ಹಾಕಿದಾಗ ರಕ್ತವೆಲ್ಲ ದೇಹದ ಹೊರಗೆ ಹೋಗಿ, ಅಲ್ಲೇ ಆಕ್ಸಿಜನ್ ತುಂಬಿಕೊಂಡು ವಾಪಸ್ ಬರುತ್ತದೆ. ಅಷ್ಟು ಹೊತ್ತು ಶ್ವಾಸಕೋಶಕ್ಕೆ ಕೆಲಸವಿಲ್ಲ. ವೆಂಟಿಲೇಟರ್ ನಿಲ್ಲಿಸುತ್ತೇವೆ, ಅದು ಗಾಳಿ ಹೋದ ಬಲೂನಿನ ಹಾಗೆ ಬಿದ್ದಿರುತ್ತದೆ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನೀವು ಬೈಪಾಸ್ ಅನ್ನುವುದು ರಕ್ತನಾಳದ ಬ್ಲಾಕ್ ತಪ್ಪಿಸಿ ಬೇರೆ ದಾರಿ ಮಾಡುವುದಕ್ಕೆ. ಪಿ.ಬಿ. ರೋಡಿನ ಟ್ರಾಫಿಕ್ ತಪ್ಪಿಸಿ ಲಾರಿಗಳು ಊರ ಹೊರಗಿನ ಹೈವೇಯಲ್ಲಿ ಹೋದ ಹಾಗೆ. ಆಪರೇಷನ್ ಥಿಯೇಟರಿನಲ್ಲಿ ನಾವು "ಬೈಪಾಸ್ ಮೇಲೆ ಹಾಕಿದೆವು" ಅಂದರೆ ಹೃದಯ, ಶ್ವಾಸಕೋಶ ಎರಡನ್ನೂ ಬಿಟ್ಟು ಮಷೀನಿನ ಮೇಲೆ ಹಾಕಿದೆವು ಅಂತ ಅರ್ಥ. ಒಬ್ಬರಿಗೆ ಎರಡೂ ಬೈಪಾಸ್ ಆಗಬಹುದು, ಒಂದೇ ಆಗಬಹುದು.

ಈ ಮಷೀನ್ ಮಾಡಿದವರು ಜಾನ್ ಗಿಬ್ಬನ್ ಅಂತ ಅಮೆರಿಕದ ಸರ್ಜನ್. ಹೆಂಡತಿ ಮೇರಿಯೂ ಜೊತೆಗೆ ಕೂತು ಕೆಲಸ ಮಾಡಿದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರು. ಅವಳ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ 26 ನಿಮಿಷ ಮಷೀನ್ ಮಾಡಿತು. ಇವತ್ತು ಎರಡು ಮೂರು ಗಂಟೆ ಮಷೀನಿನ ಮೇಲೆ ಇರುವವರಿದ್ದಾರೆ. ಆದರೆ ಒಂದು ವಿಷಯದಲ್ಲಿ ದೇಹ ಬದಲಾಗಿಲ್ಲ. ರಕ್ತಕ್ಕೆ ಪ್ಲಾಸ್ಟಿಕ್ ತಾಗಿದರೆ ಅದು ಶತ್ರು ಬಂದ ಅಂತಲೇ ತಿಳಿಯುತ್ತದೆ. ಮೈಯೆಲ್ಲ ಉರಿಯೂತ ಏಳುತ್ತದೆ, ಸಣ್ಣ ರಕ್ತನಾಳಗಳು ಸೋರುತ್ತವೆ, ಶ್ವಾಸಕೋಶದಲ್ಲಿ ನೀರಿನ ಪಸೆ ತುಂಬುತ್ತದೆ. ಒಗ್ಗರಣೆಗೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡುತ್ತೀರಲ್ಲ, ಬುಟ್ಟಿ ತುಂಬ ಇದ್ದದ್ದು ಬೋಗುಣಿಯ ತಳಕ್ಕೆ ಬರುತ್ತದೆ. ಹೆಚ್ಚು ಕಮ್ಮಿ ಹಾಗೆ.

ಹೃದಯ ಬಡಿಯುತ್ತಿರುವಾಗಲೇ, ಮಷೀನ್ ಇಲ್ಲದೆ ಮಾಡುವ ಬೈಪಾಸ್ ನಮ್ಮ ದೇಶದಲ್ಲಿ ಸಾಕಷ್ಟು ನಡೆಯುತ್ತದೆ. ಹಾಗೆ ಮಾಡಿದರೆ ಉಸಿರಿನ ತೊಂದರೆ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಮಂಪರು ಅದೇ, ಎದೆ ತೆರೆಯುವುದೂ ಅದೇ. ಎದೆಯ ನಡುಮೂಳೆಯನ್ನು ಗರಗಸದಲ್ಲಿ ಸೀಳಿ, ಕೊನೆಗೆ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ಎದೆಗೂಡಿನ ಒಳಗೋಡೆಯ ಎಡಗಡೆಯಿಂದ ರಕ್ತನಾಳ ಬಿಡಿಸಿಕೊಳ್ಳುವಾಗ ಆ ಕಡೆಯ ಶ್ವಾಸಕೋಶದ ಪೊರೆ ತೆರೆದುಕೊಳ್ಳಬಹುದು, ಆಮೇಲೆ ಅಲ್ಲಿ ನೀರು ನಿಲ್ಲಬಹುದು. ವಪೆಯನ್ನು ಎಳೆದಾಡಿಸುವ ನರ ಹೃದಯದ ಪಕ್ಕದಲ್ಲೇ ಹಾದುಹೋಗುತ್ತದೆ. ಮಷೀನ್ ಹಾಕಿ ಹೃದಯ ನಿಲ್ಲಿಸಿದಾಗ ಅದನ್ನು ತಣ್ಣಗಿಡಲು ಸುತ್ತ ಐಸ್ ಹಾಕಿದ್ದರೆ ಆ ನರ ಮರಗಟ್ಟಿ ಕೆಲವರಿಗೆ ಎಡಗಡೆಯ ವಪೆ ತಿಂಗಳುಗಟ್ಟಲೆ ಮುಷ್ಕರ ಹೂಡುತ್ತದೆ. ಆಮೇಲೆ ಬಹಳ ಜನಕ್ಕೆ ತಾನಾಗಿ ಸರಿಯಾಗುತ್ತದೆ.

ಹೀಗಾಗಿ ಸ್ವಲ್ಪ ಇಳಿಯುವುದು ಎಲ್ಲರಿಗೂ ಇದ್ದದ್ದೇ. ಕೆಲವರಿಗೆ ಜಾಸ್ತಿ ಇಳಿದು ದಿನಗಟ್ಟಲೆ ಏಳುವುದಿಲ್ಲ. ಯಾರಿಗೆ? ನನ್ನ ಅನುಭವದಲ್ಲಿ ಆ ಉತ್ತರದ ದೊಡ್ಡ ಪಾಲನ್ನು ರೋಗಿ ಥಿಯೇಟರಿಗೆ ಬರುವಾಗಲೇ ಮೈಯಲ್ಲಿ ಹೊತ್ತು ತಂದಿರುತ್ತಾರೆ.

ಹೊಟ್ಟೆಯಿಂದ ಶುರು ಮಾಡುತ್ತೇನೆ. ನಗಬೇಡಿ, ಮುಂದಿನ ಸಾಲಿನಲ್ಲಿ ಕೂತವರು ಹೊಟ್ಟೆ ಒಳಗೆಳೆದುಕೊಂಡದ್ದು ಇಲ್ಲಿಂದ ಕಾಣಿಸುತ್ತದೆ. ಹೃದಯದ ಆಪರೇಷನ್ ಆದವರಲ್ಲಿ ಯಾರಿಗೆ ಆಕ್ಸಿಜನ್ ಇಳಿಯಿತು ಅಂತ ಹುಡುಕಿದಾಗಲೆಲ್ಲ ಮತ್ತೆ ಮತ್ತೆ ಮುಂದೆ ಬರುವುದು ಬೊಜ್ಜು. ನಿಂತಾಗ ಹೊಟ್ಟೆ ಕೆಳಗೆ ಜೋತುಬೀಳುತ್ತದೆ, ಶ್ವಾಸಕೋಶಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮಲಗಿಸಿದ ಕೂಡಲೇ ಅದೇ ಹೊಟ್ಟೆ ಎದೆಯೊಳಕ್ಕೆ ನುಗ್ಗುತ್ತದೆ. ಪಕ್ಕೆಲುಬಿನ ಮೇಲಿನ ಕೊಬ್ಬಿನ ಭಾರ ಬೇರೆ. ನಮ್ಮ ಕಡೆಯವರದ್ದು ಇನ್ನೊಂದು ಕಥೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. "ನಾನೇನು ದಪ್ಪ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಯುರೋಪಿನವರಿಗಿಂತ ಕೆಳಗೆ ಎಳೆದಿದ್ದಾರೆ. 165 ಸೆಂಟಿಮೀಟರ್ ಎತ್ತರದವರು 68 ಕೆಜಿ ಮುಟ್ಟಿದರೆ ಆ ಗೆರೆಯ ಮೇಲೆ ಕಾಲಿಟ್ಟ ಹಾಗೆ.

ಇದರ ಜೊತೆಗೇ ಗೊರಕೆ. ನಿದ್ದೆಯಲ್ಲಿ ಉಸಿರು ಕಟ್ಟಿ, ಒಂದು ಕ್ಷಣ ಪೂರ್ತಿ ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುವವರಿದ್ದಾರೆ. ಗಂಡನನ್ನು ಕೇಳಿದರೆ "ನನಗೆ ಗೊರಕೆನೇ ಇಲ್ಲ" ಅನ್ನುತ್ತಾನೆ. ಹಾಗಾಗಿ ನಾನು ಹೆಂಡತಿಯನ್ನು ಕೇಳುತ್ತೇನೆ. ಆಪರೇಷನ್ ಆದಮೇಲೆ ನೋವಿನ ಔಷಧಿಯ ಮಂಪರಿನಲ್ಲಿ ಇಂಥವರ ಉಸಿರು ಇನ್ನೂ ಜಾಸ್ತಿ ಕಟ್ಟುತ್ತದೆ. ಮೊದಲೇ ಗೊತ್ತಿದ್ದರೆ ರಾತ್ರಿ ಮಾಸ್ಕಿನ ಮಷೀನ್ ಸಿದ್ಧ ಇಟ್ಟುಕೊಳ್ಳುತ್ತೇವೆ.

ವಯಸ್ಸು, ಸಕ್ಕರೆ ಕಾಯಿಲೆ, ಸೋತ ಕಿಡ್ನಿ ಇವೆಲ್ಲ ಇದ್ದೇ ಇವೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೃದಯದ ಪಂಪು ಮೊದಲೇ ದುರ್ಬಲ ಇದ್ದರೆ ಹಿಂದಿನಿಂದ ಬರುವ ರಕ್ತ ಶ್ವಾಸಕೋಶದಲ್ಲೇ ತಡೆಯುತ್ತದೆ, ಕೆರೆಯ ತೂಬು ಕಟ್ಟಿದರೆ ಹಿಂದಿನ ಗದ್ದೆ ಜೌಗಾದ ಹಾಗೆ. ರಾತ್ರೋರಾತ್ರಿ ತುರ್ತಾಗಿ ಆಪರೇಷನ್ ಆದವರಿಗೂ ಕಷ್ಟ ಜಾಸ್ತಿ, ತಯಾರಿಗೆ ಸಮಯವೇ ಸಿಕ್ಕಿರುವುದಿಲ್ಲ. ಥಿಯೇಟರಿನೊಳಗೆ ಮಷೀನ್ ಮೇಲಿನ ಹೊತ್ತು ಬೆಳೆದರೆ, ರಕ್ತದ ಬಾಟಲಿ ಮೇಲೆ ಬಾಟಲಿ ಕೊಡಬೇಕಾಗಿ ಬಂದರೆ, ನೀರಿನಂಶ ಜಾಸ್ತಿಯಾದರೆ ಅದೂ ಶ್ವಾಸಕೋಶದ ಲೆಕ್ಕಕ್ಕೇ ಬೀಳುತ್ತದೆ. ಅದು ನಮ್ಮ ಕಡೆಯ ಜವಾಬ್ದಾರಿ.

ಈಗ ಬೀಡಿ ಸಿಗರೇಟು. ಸೇದಿದರೆ ಶ್ವಾಸನಾಳದೊಳಗೆ ಕಫ ಗುಡಿಸುವ ಸೂಕ್ಷ್ಮ ರೋಮಗಳು ಸೋಲುತ್ತವೆ, ಕಫ ಒಳಗೇ ಕೂರುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗಕ್ಕೆ ಮೊದಲೇ ಟವಲ್ ಹಾಕಿರುತ್ತದೆ. ಅದರ ಹಿಡಿತ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಜಾಸ್ತಿ. ಬೆರಳಿನ ಕ್ಲಿಪ್ಪಿಗೆ ಅದು ಯಾರು, ಇದು ಯಾರು ಅಂತ ವ್ಯತ್ಯಾಸವೇ ತಿಳಿಯುವುದಿಲ್ಲ. ಈಗಷ್ಟೇ ಸೇದಿ ಬಂದವರಿಗೂ 98 ತೋರಿಸುತ್ತದೆ. ಒಂದು ದಿನ ಬಿಟ್ಟರೂ ಆ ವಿಷ ಬಹಳಷ್ಟು ಇಳಿಯುತ್ತದೆ. ಕಫ ಗುಡಿಸುವ ರೋಮಗಳು ಚೇತರಿಸಿಕೊಳ್ಳಲು ಮಾತ್ರ ವಾರಗಳು ಬೇಕು. ನಾಲ್ಕು ವಾರ ಬಿಟ್ಟರೆ ಒಳ್ಳೆಯದು, ಎಂಟು ವಾರವಾದರೆ ಇನ್ನೂ ಒಳ್ಳೆಯದು. "ಈಗ ಬಿಟ್ರೆ ಕೆಮ್ಮು ಜಾಸ್ತಿ ಆಗುತ್ತಂತೆ, ಆಪರೇಷನ್ ಮುಗೀಲಿ" ಅಂತ ಮುಂದೂಡುವವರಿದ್ದಾರೆ. ಅದನ್ನು ನಂಬಬೇಡಿ.

ಆದರೆ ನಾನು ಇಲ್ಲಿಗೆ ಬಂದದ್ದೇ ಬೇರೆ ವಿಷಯಕ್ಕೆ. ಕೆಲವು ವರ್ಷದ ಹಿಂದೆ ನಾನೇ ಎಡವಿದ ಪ್ರಕರಣ ಅದು. ಅರವತ್ತು ದಾಟಿದ ಹೆಣ್ಣುಮಗಳು, ವಾಲ್ವ್ ಬದಲಾಯಿಸಬೇಕಿತ್ತು. ನಮ್ಮ ಹಾಳೆಯಲ್ಲಿ ಒಂದು ಪ್ರಶ್ನೆ ಇರುತ್ತದೆ, ಧೂಮಪಾನ ಉಂಟಾ ಇಲ್ಲವಾ ಅಂತ. ಇಲ್ಲ ಅಂತ ಗೀಟು ಹಾಕಿದೆ, ಮುಂದಕ್ಕೆ ಹೋದೆ. ಆಪರೇಷನ್ ಚೆನ್ನಾಗಿಯೇ ಆಯ್ತು. ಮೂರನೇ ದಿನವೂ ಆಕೆಯ ಆಕ್ಸಿಜನ್ ಭಾಗಾಕಾರದ ಲೆಕ್ಕ 150ರ ಮೇಲೆ ಏಳಲಿಲ್ಲ. ಎದೆಯೊಳಗೆ ಸುಯ್ಯ್ ಅನ್ನುವ ಸದ್ದು. ವಾಲ್ವ್ ನೋಡಿದೆವು, ಎಕ್ಸ್-ರೇ ನೋಡಿದೆವು, ಸೋಂಕು ಹುಡುಕಿದೆವು. ಸಂಜೆ ಎಬ್ಬಿಸಿ ಕೂರಿಸುವಾಗ ಸುಮ್ನೆ ಮಾತಿಗೆ ಕೇಳಿದೆ, "ಅಮ್ಮಾ, ಮೊದಲು ಏನು ಕೆಲಸ ಮಾಡ್ತಿದ್ರಿ?"

"ಮಂಡಕ್ಕಿ ಭಟ್ಟ್ಯಾಗೆ ಇದ್ದೆ ಸಾರ್. ಮದ್ವಿ ಆದಾಗಿಂದ."

"ಹೊಗೆ ಇರ್ತಿತ್ತಾ?"

ಮಾಸ್ಕಿನೊಳಗೇ ನಕ್ಕರು. "ಹೊಗೆ ಬಿಟ್ರೆ ಅಲ್ಲಿ ಇನ್ನೇನೈತಿ ಸಾರ್?"

ನಮ್ಮ ಭಟ್ಟಿಗಳನ್ನು ನೀವು ನೋಡಿದ್ದೀರಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸಬೇಕು, ಅದಕ್ಕೆ ಬೆಂಕಿ ಆರುವ ಹಾಗಿಲ್ಲ. ಹೊಟ್ಟು, ಸೌದೆ, ಕೆಲವು ಕಡೆ ಹಳೇ ಟೈರನ್ನೂ ಸುಟ್ಟದ್ದುಂಟು. ಗೋಡೆ, ಸೂರು ಎಲ್ಲ ಕಪ್ಪು. ಆಕೆ ಒಂದು ಬೀಡಿಯನ್ನೂ ಸೇದಿರಲಿಲ್ಲ, ಸುಳ್ಳನ್ನೂ ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. ಮೊದಲೇ ಗೊತ್ತಾಗಿದ್ದರೆ ಊದುವ ಪರೀಕ್ಷೆ ಮಾಡಿಸಿ, ಎರಡು ಮೂರು ವಾರ ಇನ್‌ಹೇಲರ್ ಕೊಟ್ಟು, ಶ್ವಾಸನಾಳ ಸ್ವಲ್ಪ ಬಿಚ್ಚಿಕೊಂಡ ಮೇಲೆ ಥಿಯೇಟರಿಗೆ ಕರೆದುಕೊಂಡು ಹೋಗಬಹುದಿತ್ತು. ಆ ವಾಲ್ವಿಗೆ ಅಷ್ಟು ತುರ್ತೂ ಇರಲಿಲ್ಲ. ಆಕೆ ಹುಷಾರಾಗಿ ಮನೆಗೆ ಹೋದರು, ಆದರೆ ಐಸಿಯುನಲ್ಲಿ ಬೇಡದ ಐದಾರು ದಿನ ಕಳೆದು ಹೋದರು.

ಅವತ್ತಿನಿಂದ ನಾನು ಧೂಮಪಾನ ಅಂತ ಕೇಳುವುದನ್ನು ಕಮ್ಮಿ ಮಾಡಿದೆ. ಯಾವ ಕೆಲಸದಲ್ಲಿದ್ದಿರಿ, ಮನೆಯಲ್ಲಿ ಎಂಥ ಒಲೆ ಇತ್ತು ಅಂತ ಕೇಳುತ್ತೇನೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಇದ್ದೀರಿ ಅಂತ ಗೊತ್ತು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತಿತ್ತು, ಅಲ್ವಾ? ತಲೆ ಆಡಿಸುತ್ತಿದ್ದೀರಿ. ಅದು ಹತ್ತಿ ದೂಳಿನ ಕಾಯಿಲೆಯ ಗುರುತು. ಹೊಸದುರ್ಗ, ಹೊಳಲ್ಕೆರೆ ಕಡೆ ಗಣಿ ದೂಳು ಕುಡಿದವರಿದ್ದಾರೆ. ಹಳ್ಳಿಗಳಲ್ಲಿ ಸೌದೆ ಒಲೆ ಮುಂದೆ ಮೂವತ್ತು ನಲವತ್ತು ವರ್ಷ ಕೂತ ತಾಯಂದಿರಂತೂ ಮನೆಗೊಬ್ಬರು. ಇದನ್ನೆಲ್ಲ ಡಾಕ್ಟರ್ ಕೇಳದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. "ಅದಕ್ಕೂ ಹಾರ್ಟಿಗೂ ಏನು ಸಂಬಂಧ" ಅಂತ ಸುಮ್ಮನಿರಬೇಡಿ.

ಆಪರೇಷನ್ನಿಗೆ ದಿನ ಗೊತ್ತಾಗಿದೆ, ಎರಡು ಮೂರು ವಾರ ಇದೆ ಅಂದರೆ ಆ ಸಮಯ ಸುಮ್ಮನೆ ಕಳೆಯುವಂಥದ್ದಲ್ಲ. 2006ರಲ್ಲಿ ನೆದರ್ಲೆಂಡ್ಸಿನವರು ಒಂದು ಅಧ್ಯಯನ ಪ್ರಕಟಿಸಿದರು. ಬೈಪಾಸ್ ಆಗಬೇಕಿದ್ದ, ಉಸಿರಿನ ತೊಂದರೆಯ ಅಪಾಯ ಜಾಸ್ತಿ ಇದ್ದವರಿಗೆ, ಕನಿಷ್ಠ ಎರಡು ವಾರ ಮೊದಲಿನಿಂದ ದಿನಾ ಉಸಿರು ಎಳೆಯುವ ಸ್ನಾಯುಗಳ ಕಸರತ್ತು ಮಾಡಿಸಿದರು. ಮಾಡದವರಲ್ಲಿ 35 ಪರ್ಸೆಂಟ್ ಜನಕ್ಕೆ ಶ್ವಾಸಕೋಶದ ತೊಂದರೆ ಆಯ್ತು, ಮಾಡಿದವರಲ್ಲಿ 18. ಗರಡಿಮನೆ ಇದ್ದ ಊರು ನಮ್ಮದು, ಸ್ನಾಯು ಪಳಗಿಸಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಎದೆನೋವು ಬರದಷ್ಟು, ನಿಮ್ಮ ಡಾಕ್ಟರ್ ಒಪ್ಪಿದಷ್ಟು ಕುಂದವಾಡ ಕೆರೆ ಏರಿ ಮೇಲೆ ನಡೆಯಿರಿ. ಆದರೆ ಎಷ್ಟು ಅಂತ ಅವರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ.

ಆಮೇಲಿನ ವಿಷಯ ಮನೆಯವರಿಗೆ. ವಾರ್ಡಿಗೆ ಬಂದ ಕೂಡಲೇ ನಮ್ಮವರ ಪ್ರೀತಿ ಶುರುವಾಗುತ್ತದೆ. "ಅಲ್ಲಾಡಬೇಡ, ಹೊಲಿಗೆ ಬಿಚ್ಚುತ್ತೆ. ಕೆಮ್ಮಬೇಡ. ಮಾತಾಡಬೇಡ. ಮಲಕ್ಕೋ." ಶ್ವಾಸಕೋಶಕ್ಕೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಮಲಗಿದಷ್ಟೂ ಬೆನ್ನಿನ ಕಡೆಯ ಗಾಳಿಚೀಲ ಮುದುಡಿಯೇ ಇರುತ್ತದೆ, ಕಫ ಕಟ್ಟುತ್ತದೆ. ಎದೆಮೂಳೆಯನ್ನು ಸ್ಟೀಲ್ ತಂತಿ ಹಿಡಿದಿದೆ, ಕೆಮ್ಮಿದರೆ ಬಿಚ್ಚಿ ಹೋಗುವಂಥದ್ದಲ್ಲ ಅದು. ಒಂದು ದಿಂಬು ಕೊಡಿ, ಮಗುವನ್ನು ತಬ್ಬಿದ ಹಾಗೆ ಎದೆಗೆ ಒತ್ತಿಕೊಂಡು ಕೆಮ್ಮಲಿ. ನೋವಿದ್ದರೆ ನೋವು ಅನ್ನಲಿ. "ತಡ್ಕೋತೀನಿ ಬಿಡಿ" ಅನ್ನುವ ಗಟ್ಟಿ ಆಸಾಮಿಗಳೇ ನಮಗೆ ಜಾಸ್ತಿ ಕಷ್ಟ ಕೊಡುವವರು. ನೋವು ತಡೆಯಲು ಅವರು ಅರ್ಧ ಉಸಿರಷ್ಟೇ ಎಳೆಯುತ್ತಾರೆ. ಮೂರು ಚೆಂಡಿನ ಆ ಪ್ಲಾಸ್ಟಿಕ್ ಡಬ್ಬಿ ಕೊಡುತ್ತೇವಲ್ಲ, ಅದನ್ನು ಬಹಳ ಜನ ಊದುತ್ತಾರೆ. ಅದು ಊದುವುದಲ್ಲ, ಎಳೆಯುವುದು. ಮಾಡಲಿ, ಒಳ್ಳೆಯದೇ. ಆದರೆ ಮಲಗಿಕೊಂಡು ಮೂರೂ ಚೆಂಡು ಎತ್ತುವುದಕ್ಕಿಂತ ಎದ್ದು ಕುರ್ಚಿಯಲ್ಲಿ ಕೂತು, ವಾರ್ಡಿನ ಉದ್ದಕ್ಕೂ ನಾಲ್ಕು ಹೆಜ್ಜೆ ಹಾಕುವುದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮನೆಗೆ ಹೋದಮೇಲೆ ಬೆರಳಿಗೆ ಕ್ಲಿಪ್ ಹಾಕಿ ನೋಡುವವರಿಗೆ ಒಂದೆರಡು ಮಾತು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಉಗುರಿನ ಬಣ್ಣ ಒರೆಸಿ. ಬೆರಳ ತುದಿಗೆ ಕಪ್ಪಗೆ ಮೆಹಂದಿ ಹಾಕಿದ್ದರೆ ಬೇರೆ ಬೆರಳು ನೋಡಿ. ಅರ್ಧ ನಿಮಿಷ ಅಲ್ಲಾಡದೆ ಕೂತು ಅಂಕಿ ನಿಂತ ಮೇಲೆ ಓದಿ. ಇನ್ನೊಂದು ವಿಷಯ 2020ರಲ್ಲಿ ದೊಡ್ಡದಾಗಿ ಚರ್ಚೆಗೆ ಬಂತು. ಅಮೆರಿಕದ ಆಸ್ಪತ್ರೆಗಳ ಲೆಕ್ಕ ತೆಗೆದು ನೋಡಿದಾಗ, ಕಪ್ಪು ಚರ್ಮದವರಲ್ಲಿ ಕ್ಲಿಪ್ ಚೆನ್ನಾಗಿದೆ ಅಂತ ತೋರಿಸುತ್ತಿದ್ದರೂ ರಕ್ತದಲ್ಲಿ ನಿಜವಾಗಿ ಆಕ್ಸಿಜನ್ ಕಮ್ಮಿ ಇದ್ದ ಪ್ರಸಂಗ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಕಂಡಿತ್ತು. ನಮ್ಮ ಬಿಸಿಲಿನಲ್ಲಿ ದುಡಿದ ಮೈಗೂ ಇದನ್ನು ನೆನಪಿಡುವುದು ಒಳ್ಳೆಯದು. ಅಂಕಿ 94 ಇದೆ, ಆದರೆ ಮನುಷ್ಯ ಒಂದು ವಾಕ್ಯ ಮುಗಿಸಲು ಎರಡು ಸಲ ಏದುಸಿರು ಬಿಡುತ್ತಿದ್ದಾನೆ ಅಂದರೆ ಕ್ಲಿಪ್ ಪಕ್ಕಕ್ಕಿಡಿ, ಗಾಡಿ ತೆಗೆಯಿರಿ.

ಒಂದು ಚೀಟಿ ಬಂದಿದೆ. "ಆಪರೇಷನ್ ಆದವರಿಗೆ ಮೊಸರು, ಬಾಳೆಹಣ್ಣು ಕೊಟ್ಟರೆ ಕಫ ಆಗುವುದಿಲ್ಲವಾ?" ಈ ಭಯದಲ್ಲಿ ವಾರಗಟ್ಟಲೆ ಗಂಜಿನೀರಿನಲ್ಲೇ ಇಟ್ಟು, ಕೆಮ್ಮಲೂ ಶಕ್ತಿ ಇಲ್ಲದ ಹಾಗೆ ಮಾಡಿ ಕರೆದುಕೊಂಡು ಬಂದವರನ್ನು ನೋಡಿದ್ದೇನೆ. ಉಸಿರೆಳೆಯುವುದೂ ಮಾಂಸಖಂಡದ ಕೆಲಸವೇ, ಅದಕ್ಕೂ ಊಟ ಬೇಕು. ಬೇಳೆ, ಮೊಟ್ಟೆ, ಮೊಸರು ಧಾರಾಳವಾಗಿ ಕೊಡಿ. ಬಾಳೆಹಣ್ಣು ಸಕ್ಕರೆ ಕಾಯಿಲೆ ಇದ್ದವರಿಗೆ, ಕಿಡ್ನಿ ಸೋತವರಿಗೆ ಮಾತ್ರ ಕೇಳಿ ಕೊಡಿ, ಅದು ಕಫದ ಕಾರಣಕ್ಕಲ್ಲ. ಬೆಣ್ಣೆ ದೋಸೆ ಬಗ್ಗೆ ಇನ್ನೂ ಚೀಟಿ ಬಂದಿಲ್ಲ. ಬಂದರೆ ಅದನ್ನು ಹೃದಯದ ಡಾಕ್ಟರಿಗೇ ದಾಟಿಸುತ್ತೇನೆ. ಮೊದಲೇ ಹೇಳಿದೆನಲ್ಲ, ನನ್ನ ಪಾಲಿಗೆ ಬಂದದ್ದು ಉಸಿರು ಮಾತ್ರ.